ಕರುಳಿನಲ್ಲಿ ಸಿಕ್ಕ ಸಾಸಿವೆ

ಮೂರು ದಿನ ನಾನು ಏನೂ ತಿಂದಿರಲಿಲ್ಲ. ಏನೂ ಅಂದರೆ, ಆಸ್ಪತ್ರೆಯವರು ತಿನ್ನಬಾರದು ಎಂದು ಹೇಳಿದ ಏನನ್ನೂ. ಈ ಮಾತನ್ನು ನಾನು ಡಾಕ್ಟರಮ್ಮನ ಮುಂದೆ, ನರ್ಸಮ್ಮನ ಮುಂದೆ, ಸ್ವಂತ ಹೆಂಡತಿಯ ಮುಂದೆ ಒಂದು ಚೂರೂ ಅಳುಕದೆ ಹೇಳಿದೆ. ಹೇಳುವಾಗ ಪೂರ್ತಿ ನಂಬಿಯೇ ಹೇಳಿದ್ದೆ.

ಮದರಾಸಿನ ಟಿ. ನಗರದ ಒಂದು ಅಡ್ಡಬೀದಿಯಲ್ಲಿ ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲು. ಎದುರಿನ ಜವಳಿ ಅಂಗಡಿಗಳು ಬಾಗಿಲು ತೆರೆಯುವ ಹೊತ್ತಿಗೆ ನಮ್ಮಲ್ಲಿ ಎರಡನೇ ಕೊಪ್ಪರಿಗೆ ಸಾಂಬಾರು ಏರಿರುತ್ತದೆ. ಗಲ್ಲಾದಲ್ಲಿ ನನ್ನ ಹೆಂಡತಿ, ಒಲೆಯ ಮುಂದೆ ನನ್ನಂತೆಯೇ ಉಡುಪಿ ಕಡೆಯ ನಮ್ಮ ಭಟ್ಟರು, ಈ ಇಬ್ಬರ ನಡುವೆ ಓಡಾಡುತ್ತ ಆತಂಕಪಡುವುದು ನಾನು. ಆತಂಕವನ್ನೂ ಒಂದು ಕೆಲಸವೆಂದು ಲೆಕ್ಕ ಹಿಡಿದರೆ ನಾನು ಒಂದು ದಿನವೂ ರಜೆ ಹಾಕಿದವನಲ್ಲ.

ಐವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಮಲದಲ್ಲಿ ರಕ್ತ ಕಂಡಿತು. ಮೊದಲು ಹಿಂದಿನ ದಿನದ ಊಟ ನೆನಪು ಮಾಡಿಕೊಂಡೆ. ಬೀಟ್‌ರೂಟ್ ಪಲ್ಯವಾಗಿದ್ದರೆ ಬದುಕಿಕೊಂಡೆ ಎಂಬ ಆಸೆ. ಆದರೆ ಹಿಂದಿನ ದಿನ ಕೋಸಿನ ಪಲ್ಯ. ವಾರ ಬಿಟ್ಟು ಮತ್ತೆ ಕಂಡಿತು. ಫೋನಿನಲ್ಲಿ ಹುಡುಕಿ ಓದಿದೆ. ಮಧ್ಯಾಹ್ನದ ಊಟದ ಗಲಾಟೆ ಶುರುವಾಗುವಷ್ಟರಲ್ಲಿ ನನ್ನ ತಿಥಿಗೆ ಅಡುಗೆ ಯಾರದೆಂಬುದನ್ನೂ ಯೋಚಿಸಿಯಾಗಿತ್ತು. ನಮ್ಮ ಭಟ್ಟರದ್ದೇ. ಹೊರಗಿನವರಿಗೆ ಕೊಟ್ಟರೆ ಅವರಿಗೆ ಬೇಸರ.

ಹೆಂಡತಿಗೆ ಹೇಳಿದೆ. ಅವಳ ಅಜ್ಜನ ಕಾಲದಿಂದಲೂ ಅವರ ಮನೆಯವರು ಮದರಾಸಿನಲ್ಲೇ ಇದ್ದಾರೆ. ಅವಳ ಕನ್ನಡದಲ್ಲಿ ಅರ್ಧ ತಮಿಳು.

"ಎಷ್ಟು ದಿನ ಆಯ್ತು?"

"ಎರಡು ಸಲ ಅಷ್ಟೆ."

"ಏನ್ರೀ, ಹಾಲು ಒಡೆದ್ರೆ ಒಂದು ನಿಮಿಷದಲ್ಲಿ ಬಂದು ಹೇಳ್ತೀರಿ. ಇದನ್ನ ಹೇಳೋಕೆ ಒಂದು ವಾರ ಬೇಕಾ? ಹೊರಡಿ."

ಕರುಳಿನ ಡಾಕ್ಟರಮ್ಮ ಅವಸರವಿಲ್ಲದ ಹೆಂಗಸು. ಪರೀಕ್ಷಿಸಿ, ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಮೂಲವ್ಯಾಧಿಯೇ ಇರಬೇಕು. ಆದರೆ ಈ ವಯಸ್ಸಿಗೆ ಇರಬೇಕು ಎಂದು ಹೇಳಿ ಕಳುಹಿಸಲಾಗದು, ಒಳಗೆ ನೋಡಲೇಬೇಕು. ಬೆರಳು ಗಾತ್ರದ ಬಳುಕುವ ಕೊಳವೆ, ತುದಿಯಲ್ಲಿ ಕ್ಯಾಮರಾ. ಕೆಳಗಿನಿಂದ ಹೊರಟು ದೊಡ್ಡ ಕರುಳಿನ ಆ ಕೊನೆಯವರೆಗೆ ಹೋಗುತ್ತದೆ. ಮಂಪರಿನ ಮದ್ದು ಕೊಡುತ್ತಾರೆ, ನೋವಿಲ್ಲ, ಮಧ್ಯಾಹ್ನದೊಳಗೆ ಮನೆಗೆ ಹೋಗಬಹುದು. "ಆದರೆ ಕರುಳು ಚೊಕ್ಕಟವಾಗಿರಬೇಕು ಸಾರ್. ನಿಮಗೆ ನಾನು ಹೇಳಬೇಕಾ? ತೊಳೆಯದ ಪಾತ್ರೆಯ ತಳ ಕಾಣುತ್ತದಾ?"

ಈ ಹೋಲಿಕೆ ನನಗೆ ಹಿಡಿಸಿತು. ಪಾತ್ರೆ ತೊಳೆಸುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ.

ನಿಯಮ ಹೀಗಿತ್ತು. ಮೂರು ದಿನ ಬೀಜ, ಸಿಪ್ಪೆ, ಸೊಪ್ಪು, ನಾರು ಒಳಗೆ ಹೋಗಬಾರದು. ಬಿಳಿ ಅನ್ನ, ಮೊಸರು, ಚಟ್ನಿ ಇಲ್ಲದ ಇಡ್ಲಿ ಆಗಬಹುದು. ಪರೀಕ್ಷೆಯ ಹಿಂದಿನ ದಿನ ಬರೀ ತಿಳಿಯಾದ ದ್ರವ: ಸೋಸಿದ ಎಳನೀರು, ಹಾಲಿಲ್ಲದ ಕಾಫಿ, ಸಕ್ಕರೆ ನೀರು. ಸಂಜೆ ಭೇದಿಯ ಪುಡಿಯನ್ನು ನೀರಿನಲ್ಲಿ ಕದಡಿ ಅರ್ಧ ಕುಡಿಯಬೇಕು, ಉಳಿದರ್ಧ ಬೆಳಗಿನ ಜಾವ. ನಾನು ವ್ರತ ಹಿಡಿದವನಂತೆ ಪಾಲಿಸಿದೆ. ಮೂರೂ ದಿನ ಎಂದಿನಂತೆ ಹೋಟೆಲಿಗೆ ಹೋದೆ. ಎದುರಿಗೆ ಬಿಸಿ ವಡೆ ಬುಟ್ಟಿಗಟ್ಟಲೆ ಹೊರಗೆ ಹೋಗುತ್ತಿದ್ದರೂ ತಿರುಗಿ ನೋಡಲಿಲ್ಲ. ನನ್ನ ಸಂಯಮ ಕಂಡು ನನಗೇ ಗೌರವ ಬಂತು. ಪುಡಿ ಕುಡಿದೆ, ಓಡಾಡಿದೆ, ಆಸ್ಪತ್ರೆಗೆ ಹೋಗಿ ಎಡಮಗ್ಗುಲಾಗಿ ಮಲಗಿದೆ. ಕೈಗೆ ಸೂಜಿ ಹಾಕಿದರು. ಚಾವಣಿಯ ದೀಪ ಎಣಿಸತೊಡಗಿದ್ದಷ್ಟೇ ನೆನಪು.

ಎಚ್ಚರವಾದಾಗ ಡಾಕ್ಟರಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದರು. ಅಷ್ಟು ದೊಡ್ಡ ಡಾಕ್ಟರು ತಾವಾಗಿಯೇ ಬಂದು ನಿಂತಿದ್ದಾರೆ ಅಂದರೆ ಮುಗಿಯಿತು ಎಂದುಕೊಂಡೆ.

"ಸಾರ್, ಏನು ತಿಂದಿರಿ?"

"ಏನೂ ಇಲ್ಲ ಮೇಡಂ."

ಅವರು ಒಂದು ಬಣ್ಣದ ಚಿತ್ರ ನನ್ನ ಮುಖದ ಮುಂದೆ ಹಿಡಿದರು. ತಿಳಿಗೆಂಪು ಗೋಡೆಯ ಗುಹೆಯಂಥ ಜಾಗ. ತಳದಲ್ಲಿ ಒಂದಿಷ್ಟು ಹಳದಿ ನೀರು, ಅದರಲ್ಲಿ ಗುಂಡಗಿನ ಕಪ್ಪು ಕಾಳುಗಳು.

"ಇದು ಎನ್ನ?"

"ಕಡುಗು," ಎಂದೆ. ಸಾಸಿವೆ. ನನ್ನ ಬಾಯಿಂದಲೇ ಬಂತು. ಮಂಪರಿನಲ್ಲೂ ಕಣ್ಣು ತನ್ನ ಕೆಲಸ ಮಾಡಿತ್ತು: ಸಾಸಿವೆ ಸರಿಯಾಗಿ ಸಿಡಿದಿತ್ತು, ಒಂದೂ ಕರಕಲಾಗಿರಲಿಲ್ಲ.

"ಇದು?"

"ಟೊಮೆಟೊ ಸಿಪ್ಪೆ."

"ಇಲ್ಲಿ ಹಸಿರಾಗಿ ಅಂಟಿಕೊಂಡಿದೆಯಲ್ಲ?"

"ಕೊತ್ತಂಬರಿ ಸೊಪ್ಪು ಮೇಡಂ."

ಅವರು ಒಂದೊಂದಾಗಿ ತೋರಿಸುತ್ತ ಹೋದರು, ನಾನು ಹೆಸರು ಹೇಳುತ್ತ ಹೋದೆ. ಇಬ್ಬರೂ ಸೇರಿ ಒಂದು ಸಾಂಬಾರನ್ನು ಪೂರ್ತಿ ಮಾಡಿದೆವು. ಆದರೂ ನಾನು ಏನೂ ತಿಂದಿಲ್ಲ ಎಂಬ ಮಾತಿನಿಂದ ಅಲುಗಲಿಲ್ಲ. ಯಾವ ದೇವರ ಮೇಲೆ ಬೇಕಾದರೂ ಆಣೆ ಇಡುತ್ತಿದ್ದೆ.

ಆಗ ನನ್ನ ಹೆಂಡತಿ ಮುಂದೆ ಬಂದು, "ಆ ಕೈ ಕೊಡಿ ಇಲ್ಲಿ," ಎಂದು ನನ್ನ ಎಡಗೈಯನ್ನು ಹಿಡಿದು ಅಂಗೈ ಬಿಡಿಸಿದಳು. ನಡುವಿನಲ್ಲಿ, ರೂಪಾಯಿಯಷ್ಟಗಲ, ಅರಿಸಿನದ ಹಳದಿ ಕಲೆ. ಎಷ್ಟು ತೊಳೆದರೂ ಹೋಗದ ಕಲೆ, ಅದು ಅಲ್ಲಿದೆ ಎಂಬುದೇ ನನಗೆ ಮರೆತುಹೋಗಿತ್ತು.

"ಡಾಕ್ಟರ್, ಇವರು ಊಟ ಮಾಡೋದು ಬೇರೆ. ಇದು ಬೇರೆ. ಇದನ್ನ ಇವರು ಲೆಕ್ಕಕ್ಕೇ ಇಡಲ್ಲ."

ನಮ್ಮ ಅಡುಗೆಮನೆಯ ಕ್ರಮವನ್ನು ಇಲ್ಲಿ ಹೇಳಬೇಕು. ನಮ್ಮ ಭಟ್ಟರು ತಾವು ಮಾಡಿದ್ದನ್ನು ರುಚಿ ನೋಡುವುದಿಲ್ಲ. ಮೂಲೆಯ ದೇವರ ಪಟಕ್ಕೆ ಒಂದು ಬಟ್ಟಲು ತೋರಿಸುವ ಮೊದಲಂತೂ ನಾಲಿಗೆಗೆ ತಾಗಿಸುವ ಮಾತೇ ಇಲ್ಲ, ತೋರಿಸಿದ ಮೇಲೂ ತಮ್ಮ ಊಟದ ಹೊತ್ತಿನವರೆಗೆ ಮುಟ್ಟುವುದಿಲ್ಲ. ಆವಿಯ ವಾಸನೆ ನೋಡಿ ಉಪ್ಪು ಹೇಳುತ್ತಾರೆ. ಹಾಗಾಗಿ ಪ್ರತಿ ಕೊಪ್ಪರಿಗೆ ಇಳಿದಾಗಲೂ ಅವರು ಸೌಟು ಎತ್ತುತ್ತಾರೆ, ನಾನು ಎಡ ಅಂಗೈ ಚಾಚುತ್ತೇನೆ, ಅದರಲ್ಲಿ ಬಿದ್ದಿದ್ದನ್ನು ನೆಕ್ಕಿ ತಲೆಯಾಡಿಸುತ್ತೇನೆ. ಆಮೇಲೆಯೇ ಬಕೆಟ್ಟು ಹೊರಗೆ ಹೋಗುವುದು. ಸಾಂಬಾರು, ಸಾರು, ಚಟ್ನಿ, ಪಲ್ಯ, ಪೊಂಗಲ್, ಬೆಳಿಗ್ಗೆಯಿಂದ ಅಂಗಡಿ ಮುಚ್ಚುವವರೆಗೆ. ನಡೆಯುವಾಗ ಕೈ ಬೀಸಿದಂತೆ ಅದು. ಕೈ ಬೀಸಿದಿರಾ ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ? ವ್ರತದ ಮೂರು ದಿನವೂ, ಎಳನೀರಿನ ದಿನವೂ ಅಂಗೈ ತನ್ನಷ್ಟಕ್ಕೆ ಚಾಚಿಕೊಂಡಿದೆ, ನಾಲಿಗೆ ತನ್ನಷ್ಟಕ್ಕೆ ನೆಕ್ಕಿದೆ.

ಡಾಕ್ಟರಮ್ಮ ನಗಲಿಲ್ಲ, ಆದರೆ ನಗದಿರಲು ಸ್ವಲ್ಪ ಕಷ್ಟಪಟ್ಟರು. ಕೊಳವೆಯೊಳಗೆ ನೀರು ಹೀರುವ ಸಣ್ಣ ದಾರಿಗೆ ಕಾಳುಗಳು ಸಿಕ್ಕಿ ಕಟ್ಟಿಕೊಳ್ಳುತ್ತಿದ್ದವಂತೆ. ಎಡಭಾಗ ಸರಿಯಾಗಿ ಕಂಡಿತು, ಕೆಳತುದಿಯಲ್ಲಿ ಮೂಲವ್ಯಾಧಿ ಇದೆ. ಬಲಭಾಗ ಕಾಣಲಿಲ್ಲ. "ಅರ್ಧ ನೋಡಿ ಏನೂ ಇಲ್ಲ ಅನ್ನುವುದಿಲ್ಲ. ಮುಂದಿನ ವಾರ ಮತ್ತೆ ಮಾಡೋಣ. ಈ ಸಲ ನಾಲ್ಕು ದಿನ. ಅಡುಗೆಮನೆಗೆ ಕಾಲಿಡಬಾರದು."

"ರುಚಿ ನೋಡಿ ಉಗಿದರೆ ಆಗಬಹುದಾ?"

"ಬೇರೆ ಯಾರಾದರೂ ಕೇಳಿದ್ದರೆ ಯೋಚನೆ ಮಾಡುತ್ತಿದ್ದೆ ಸಾರ್."

ಆಟೋದಲ್ಲಿ ಹೆಂಡತಿ ಆಸ್ಪತ್ರೆಯ ಬಿಲ್ಲುಗಳನ್ನು ಒಂದೊಂದಾಗಿ ಮಡಿಸಿ ಚೀಲಕ್ಕೆ ಹಾಕಿದಳು. ಕೊನೆಗೆ, "ಸಾಸಿವೆ ಸಿಡಿದಿತ್ತಾ?" ಎಂದು ಕೇಳಿದಳು.

"ಚೆನ್ನಾಗಿ ಸಿಡಿದಿತ್ತು."

"ಭಟ್ಟರಿಗೆ ಹೇಳಿ. ಸಂತೋಷಪಡ್ತಾರೆ."

ಮಾರನೆಯ ದಿನ ಊಟದ ಗಲಾಟೆ ಮುಗಿದ ಮೇಲೆ ಭಟ್ಟರ ಹತ್ತಿರ ವಿಷಯ ಎತ್ತಿದೆ. ನಾಲ್ಕು ದಿನ ನೀವೇ ಒಂದು ಹನಿ ನಾಲಿಗೆಗೆ ಹಾಕಿಕೊಂಡರೆ ಆಗದಾ ಎಂದು ಕೇಳಿದೆ. ಭಟ್ಟರು ಟವೆಲಿನಲ್ಲಿ ಕೈ ಒರೆಸಿಕೊಂಡರು.

"ಎಂತ ಮಾರಾಯ್ರೆ, ಈ ವಯಸ್ಸಿನಲ್ಲಿ ನನ್ನನ್ನು ಕೆಡಿಸ್ತೀರಾ?"

"ಹಾಗಲ್ಲ. ಉಪ್ಪು ಹೆಚ್ಚುಕಮ್ಮಿ ಆದ್ರೆ..."

"ಆದ್ರೆ ಆಗ್ತದೆ. ಮದ್ರಾಸಿನವರು ಉಪ್ಪು ಕಾಣದವರಾ? ನೀವು ಒಮ್ಮೆ ಹೊಟ್ಟೆ ತೋರಿಸಿ ಬನ್ನಿ. ಸಾಂಬಾರಿಗೆ ಡಾಕ್ಟ್ರು ಬೇಡ."

ಇನ್ನು ಉಳಿದವರು ಕಾಫಿ ಮಾಸ್ಟರು. ಅವರ ದವಡೆಯಲ್ಲಿ ಹೊಗೆಸೊಪ್ಪು ಇಲ್ಲದ ಗಳಿಗೆಯನ್ನು ನಾನು ಕಂಡಿಲ್ಲ. ಆ ನಾಲಿಗೆಗೆ ಸಾಂಬಾರೂ ಒಂದೇ, ಸುಣ್ಣದ ನೀರೂ ಒಂದೇ. ಮನೆಯಲ್ಲಿ ಕುಳಿತು ವೀಡಿಯೊ ಕರೆಯಲ್ಲಿ ಕೊಪ್ಪರಿಗೆ ನೋಡುವುದು ಎಂದೂ ಯೋಚಿಸಿದೆ. ಬಣ್ಣ ಕಾಣಬಹುದು, ಹುಳಿ ಕಾಣುತ್ತದಾ? ಕೊನೆಗೆ ಮನಸ್ಸು ಹೇಗಿದ್ದರೂ ಬಂದು ನಿಲ್ಲುವ ಜಾಗಕ್ಕೇ ಬಂದು ನಿಂತಿತು: ಮುಂದಿನ ತಿಂಗಳು ಮಾಡಿಸೋಣ. ಮುಹೂರ್ತದ ದಿನಗಳು, ಸೀರೆ ಕೊಳ್ಳಲು ಬಂದವರೆಲ್ಲ ಇಲ್ಲೇ ತಿನ್ನುತ್ತಾರೆ. ಈ ಗಲಾಟೆ ಕಳೆಯಲಿ.

ಹೋಟೆಲಿನ ಖಾಲಿ ಊಟದ ಹಾಲಿನಲ್ಲಿ ಕುಳಿತಿದ್ದೆ. ಫ್ಯಾನು ಕೆಳಗೆ ಯಾರೂ ಇಲ್ಲದೆ ತಿರುಗುತ್ತಿತ್ತು. ಅಂಗೈ ಮೇಜಿನ ಮೇಲಿತ್ತು, ಕಲೆ ಕಾಣುತ್ತಿತ್ತು. ಆಗ ಅನಿಸಿತು, ಬಲಭಾಗದಲ್ಲಿ ಏನಿದೆ ಎಂದು ನೋಡಲು ನನಗೆ ಹೆದರಿಕೆ. ಅದನ್ನು ಹಾಗೆಂದು ಹೇಳಿಕೊಳ್ಳಲು ನಾಚಿಕೆ. ಅದಕ್ಕೆ ಸಾಂಬಾರನ್ನು ಅಡ್ಡ ತಂದಿದ್ದೇನೆ. ನಾನಿಲ್ಲದೆ ನಡೆಯದು ಎಂದು ಹೇಳಿಕೊಳ್ಳುವುದು ಒಂದು ಸುಖ. ಆದರೆ ಆ ಸುಖಕ್ಕಾಗಿ ಒಳಗಿರುವುದನ್ನು ಬೆಳೆಯಲು ಬಿಡುವುದೆಂದರೆ, ನನ್ನಂಥ ಪುಕ್ಕಲನಿಗೂ ಅದು ಸ್ವಲ್ಪ ಹೆಚ್ಚಾಯಿತು.

ಎದ್ದು ಗಲ್ಲಾದ ಹತ್ತಿರ ಹೋದೆ. "ನಾಲ್ಕು ದಿನ ನೀನೇ ರುಚಿ ನೋಡು," ಎಂದೆ.

ಅವಳು ತಲೆಯೆತ್ತಿ ನೋಡಿದಳು. ನಮ್ಮ ಮದುವೆಯಾದಾಗಿನಿಂದ ಅವಳು ಹೇಳುತ್ತ ಬಂದದ್ದು ಒಂದೇ, ನಿಮ್ಮೂರ ಸಾಂಬಾರಿಗೆ ಬೆಲ್ಲ ಜಾಸ್ತಿ. ನಾನು ಕೇಳುತ್ತ ಬಂದದ್ದೂ ಅಷ್ಟೇ, ಒಂದು ಕಿವಿಯಲ್ಲಿ.

"ನಾನು ನೋಡಿದ್ರೆ ನನ್ನ ರುಚಿ ಆಗುತ್ತೆ. ನಿಮ್ಮದಲ್ಲ. ಆಮೇಲೆ ಬಂದು ಪುಲಂಬಬಾರದು."

ಗೊಣಗಬಾರದು ಎಂದು ಅದರ ಅರ್ಥ. ಒಪ್ಪಿಕೊಂಡೆ.

ಎರಡನೆಯ ತಯಾರಿ ವೆಸ್ಟ್ ಮಾಂಬಲದ ನಮ್ಮ ಮನೆಯಲ್ಲಿ ನಡೆಯಿತು. ಹೊತ್ತು ಕಳೆಯುವುದೇ ಕಷ್ಟ. ಹೋಟೆಲಿನವನಿಗೆ ಬೆಳಿಗ್ಗೆ ಮನೆಯಲ್ಲಿ ಕುಳಿತರೆ ಮನೆ ಯಾರದೋ ಅನ್ನಿಸುತ್ತದೆ. ಬಿಳಿ ಬ್ರೆಡ್ಡು, ಒಗ್ಗರಣೆ ಇಲ್ಲದ ಮೊಸರನ್ನ. ಕಾಲೇಜಿಗೆ ಹೋಗುವ ಮಗಳು ಮೇಲ್ವಿಚಾರಣೆಗೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಗಳಲ್ಲಿ ಬರುತ್ತದೆ.

"ನಿನ್ನ ಅಮ್ಮನಿಗೆ ಒಂದು ಫೋನ್ ಮಾಡು. ಹುಳಿ ಹೇಗಿದೆ ಕೇಳು."

"ಅಪ್ಪಾ, ನೋ ಫೋನ್. ಅಮ್ಮ ಸೊನ್ನಾಂಗ."

ಅಮ್ಮ ಹೇಳಿದ್ದಾಳೆ, ಮುಗಿಯಿತು. ನನ್ನ ಫೋನು ಅವಳ ಚೀಲದಲ್ಲಿತ್ತು.

ಹಿಂದಿನ ದಿನ ಸಂಜೆ ಪುಡಿ ಕದಡಿದೆವು. ಹೋದ ಸಲ ಗಡಿಬಿಡಿಯಲ್ಲಿ ಗಟಗಟ ಕುಡಿದಿದ್ದೆ, ಈ ಸಲ ಬೇರೆ ಏನೂ ರುಚಿ ನೋಡಲು ಇಲ್ಲದ ಕಾರಣ ಇದನ್ನೇ ನೋಡಿದೆ. ಸಮುದ್ರದ ನೀರಿಗೆ ನಿಂಬೆಹಣ್ಣಿನ ಹೆಸರು ಹೇಳಿದ ಹಾಗಿತ್ತು. ನಮ್ಮಲ್ಲಾಗಿದ್ದರೆ ಕೊಪ್ಪರಿಗೆ ಸಮೇತ ಹಿಂದೆ ಕಳುಹಿಸುತ್ತಿದ್ದೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿ, ಒಂದೊಂದು ಲೋಟ ಆದ ಮೇಲೂ ನಡುಮನೆಯಲ್ಲಿ ನಾಲ್ಕು ಸುತ್ತು ನಡೆದರೆ ಒಳಗೆ ನಿಲ್ಲುತ್ತದೆ ಎಂದು ನರ್ಸಮ್ಮ ಹೇಳಿಕೊಟ್ಟಿದ್ದರು. ಹಾಗೆಯೇ ಮಾಡಿದೆ. ಸ್ವಲ್ಪ ಹೊತ್ತಿಗೆ ನಡಿಗೆ ಓಟವಾಯಿತು. ಅಲ್ಲಿಂದ ಮುಂದಿನದನ್ನು ಬರೆಯುವ ಅಗತ್ಯವಿಲ್ಲ. ಕೊನೆಗೆ ಬರುವುದು ಎಳನೀರಿನ ಹಾಗೆ ತಿಳಿಯಾಗಿರಬೇಕು ಎಂದೂ ಆ ನರ್ಸಮ್ಮನೇ ಹೇಳಿದ್ದು. ನನ್ನ ಕಣ್ಣಿಗೆ ತಿಳಿಸಾರಿನ ಬಣ್ಣ ಕಂಡಿತು. ಅನುಮಾನವಾಗಿ ಮಗಳನ್ನು ಕರೆದೆ.

"ಒಮ್ಮೆ ಬಂದು ನೋಡ್ತೀಯಾ? ನಿನ್ನ ಕಣ್ಣು ಚುರುಕು."

"ಅಪ್ಪಾ. ಚಾನ್ಸೇ ಇಲ್ಲ."

ಬೆಳಗಿನ ಜಾವ ಎರಡನೇ ಪಾಲು ಕುಡಿದ ಮೇಲೆ ಎಳನೀರು ಬಂತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಸಂತೋಷಪಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಹೆಂಡತಿ ಅಷ್ಟರಲ್ಲಿ ಹೋಟೆಲಿಗೆ ಹೊರಟು ನಿಂತಿದ್ದಳು. ಮೊದಲ ಕೊಪ್ಪರಿಗೆ ಇಳಿಯುವ ಹೊತ್ತಿಗೆ ಅವಳು ಅಲ್ಲಿರಬೇಕು. ನಾನೇ ವಹಿಸಿದ ಕೆಲಸ. ಆಸ್ಪತ್ರೆಯ ಬಾಗಿಲಲ್ಲಿ ಅವಳು ಪಕ್ಕದಲ್ಲಿ ಇರುವುದಿಲ್ಲ ಎಂಬುದು ಚಪ್ಪಲಿ ಹಾಕಿಕೊಳ್ಳುವಾಗಷ್ಟೇ ಹೊಳೆಯಿತು.

"ಸಾಂಬಾರು ಹಾಳಾಗಲಿ, ನೀನೂ ಬಾ," ಎಂದೆ.

ಅವಳು ಚೀಲ ಹೆಗಲಿಗೇರಿಸಿಕೊಂಡು ನಿಂತಳು. "ಈ ಮಾತು ಇಪ್ಪತ್ತು ವರ್ಷಕ್ಕೆ ಒಂದು ಸಲ ಬಂತು. ಸಾಕು. ಚುಮ್ಮಾ ಮಲಗಿ ಎದ್ದು ಬನ್ನಿ. ನೀವು ಕಣ್ಣು ಬಿಡುವಾಗ ಅಲ್ಲಿರ್ತೀನಿ." ಮಗಳ ಕಡೆ ತಿರುಗಿ, "ಆಟೋನ ಹೋಟೆಲ್ ಬೀದಿಯಲ್ಲಿ ಬಿಡಬೇಡ. ಸುತ್ತಿಕೊಂಡು ಹೋಗು," ಎಂದಳು. ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ಬೀದಿ.

ಮತ್ತೆ ಎಡಮಗ್ಗುಲು, ಮತ್ತೆ ಸೂಜಿ. ಡಾಕ್ಟರಮ್ಮ ಮೊದಲು ನನ್ನ ಅಂಗೈ ತೋರಿಸಲು ಹೇಳಿದರು. ಕಲೆ ಮಸುಕಾಗಿತ್ತು. ತಲೆಯಾಡಿಸಿದರು, ಥೇಟ್ ನಾನು ಕೊಪ್ಪರಿಗೆ ಮುಂದೆ ಆಡಿಸುವ ಹಾಗೆ.

ಕಣ್ಣು ಬಿಟ್ಟಾಗ ಮಂಚದ ಪಕ್ಕ ಇಬ್ಬರೂ ಇದ್ದರು, ಡಾಕ್ಟರಮ್ಮ ಮತ್ತು ಹೆಂಡತಿ. ಹೆಂಡತಿಯ ಸೀರೆಯಿಂದ ಇಂಗಿನ ವಾಸನೆ ಬರುತ್ತಿತ್ತು.

"ಸೂಪರ್ ಕ್ಲೀನ್ ಸಾರ್," ಎಂದರು ಡಾಕ್ಟರಮ್ಮ. ಕೊನೆಯವರೆಗೆ ಹೋಗಿ ನೋಡಿದ್ದರು. ರಕ್ತ ಬಂದದ್ದು ಮೂಲವ್ಯಾಧಿಯಿಂದಲೇ. ಆದರೆ ಬಲಭಾಗದಲ್ಲಿ ಗೋಡೆಗೆ ಅಂಟಿ ಬೆಳೆದ ಒಂದು ಸಣ್ಣ ಗಂಟು ಸಿಕ್ಕಿತು. ಆ ಕೊಳವೆಯ ಮೂಲಕವೇ ತಂತಿಯ ಕುಣಿಕೆ ಹಾಕಿ ತೆಗೆದಿದ್ದಾರೆ, ಪರೀಕ್ಷೆಗೆ ಕಳುಹಿಸಿದ್ದಾರೆ. ಹಾಗೇ ಬಿಟ್ಟಿದ್ದರೆ ಎಷ್ಟೋ ವರ್ಷದ ಮೇಲೆ ತೊಂದರೆ ಕೊಡಬಹುದಾದಂಥದ್ದು. "ಎಲ್ಲಿತ್ತು ಗೊತ್ತಾ? ಹೋದ ಸಲ ನಿಮ್ಮ ಕಡುಗು ಕೂತಿದ್ದ ಜಾಗದಲ್ಲೇ."

ವರದಿಗೆ ಒಂದು ವಾರ ಕಾಯಬೇಕಿತ್ತು. ನಾನು ಆ ವಾರವನ್ನು ಹೇಗೆ ಕಳೆದಿರಬಹುದು ಎಂದು ಓದುಗರು ಊಹಿಸಬಹುದು. ಎರಡು ದಿನ ಮೆತ್ತಗಿನ ಅನ್ನ ತಿಂದು ಮಲಗಿದೆ, ಉಳಿದ ದಿನ ಮನೆಯ ಕಿಟಕಿಯಿಂದ ಬೀದಿಯ ಮೇಲೆ ಆತಂಕಪಟ್ಟೆ. ಕೊನೆಗೆ ಹೆಂಡತಿಗೇ ಸಾಕಾಗಿ, "ಅಲ್ಲೇ ಬಂದು ಚಿಂತೆ ಮಾಡಿ, ಜನ ಆದ್ರೂ ಇರ್ತಾರೆ," ಎಂದು ಕರೆದುಕೊಂಡು ಹೋದಳು.

ಅಡುಗೆಮನೆಗೆ ಹೋದಾಗ ಕೊಪ್ಪರಿಗೆ ಇಳಿಸಿಯಾಗಿತ್ತು. ಅಂಗೈ ಚಾಚಿದೆ. ಭಟ್ಟರು ಸೌಟು ಎತ್ತಲಿಲ್ಲ.

"ಅಮ್ಮ ನೋಡಿ ಆಯ್ತು ಮಾರಾಯ್ರೆ."

"ಆದರೂ ಒಂದು ಹನಿ."

ಬೇಸರದಿಂದಲೇ ಹಾಕಿದರು. ನೆಕ್ಕಿದೆ. ಬೆಲ್ಲ ಅರ್ಧಕ್ಕೆ ಇಳಿದಿತ್ತು. ನನ್ನ ತಾಯಿ, ತಾಯಿಯ ತಾಯಿ ಹಾಕುತ್ತಿದ್ದ ಬೆಲ್ಲ. ಗಿರಾಕಿಗಳು ಎಷ್ಟು ಜನ ಬಿಟ್ಟು ಹೋದರೋ ಎಂದು ಊಟದ ಹಾಲಿಗೆ ಓಡಿದೆ. ಫ್ಯಾನಿನ ಕೆಳಗೆ, ಹೋಟೆಲು ತೆರೆದಂದಿನಿಂದ ದಿನಾ ಅಲ್ಲೇ ಕೂರುವ ನಿವೃತ್ತ ಬ್ಯಾಂಕಿನವರು ಇಡ್ಲಿಯನ್ನು ಸಾಂಬಾರಿನಲ್ಲಿ ಮುಳುಗಿಸಿ ಕುಳಿತಿದ್ದರು.

"ಸಾಂಬಾರ್ ಎಪ್ಪಿಡಿ ಇರುಕ್ಕು ಸಾರ್?" ಹೇಗಿದೆ ಎಂದು ಕೇಳಿದೆ.

ಅವರು ಪ್ರಶ್ನೆ ಅರ್ಥವಾಗದವರಂತೆ ನನ್ನನ್ನು ನೋಡಿದರು. "ಎಪ್ಪವುಂ ಪೋಲತ್ತಾನ್," ಎಂದರು. ಯಾವಾಗಲೂ ಇರುವ ಹಾಗೇ. ಇನ್ನೊಂದು ಸೌಟು ಹಾಕಲು ಹೇಳಿ ಮತ್ತೆ ತಿನ್ನುವುದರಲ್ಲಿ ಮುಳುಗಿದರು.

ಗಲ್ಲಾದಲ್ಲಿ ಹೆಂಡತಿಯ ಫೋನು ಹೊಡೆದುಕೊಂಡಿತು. ಅವಳು ಕೇಳುತ್ತಿದ್ದಳು, ನಡುನಡುವೆ "ಸರಿಂಗ ಡಾಕ್ಟರ್" ಎನ್ನುತ್ತಿದ್ದಳು. ನಾನು ಹತ್ತಿರದ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವಳ ಮುಖದಿಂದ ಏನನ್ನೂ ಓದಲಾಗುವುದಿಲ್ಲ, ಮೂವತ್ತು ಜನರಿಗೆ ಒಟ್ಟಿಗೆ ಚಿಲ್ಲರೆ ಕೊಡುವ ಮುಖ ಅದು.

ಫೋನು ಕೆಳಗಿಟ್ಟಳು. "ಭಯಪಡುವಂಥದ್ದು ಏನೂ ಇಲ್ಲವಂತೆ. ತೆಗೆದದ್ದೇ ಮದ್ದು. ಮೂರು ವರ್ಷ ಬಿಟ್ಟು ಮತ್ತೆ ಬಂದು ನೋಡಿಸಿಕೊಳ್ಳಬೇಕಂತೆ."

ಕುರ್ಚಿಯಲ್ಲಿ ಕುಳಿತುಬಿಟ್ಟೆ. ಅವಳು ಗಲ್ಲಾದಿಂದ ಇಳಿದು ಬಂದು ಪಕ್ಕದಲ್ಲಿ ನಿಂತಳು. ಅವಳ ಕೈ ನನ್ನ ಹೆಗಲ ಮೇಲೆ ಇತ್ತು, ಬಹುಶಃ ಯಾರಿಗೂ ಕಾಣಲಿಲ್ಲ.

"ಮೂರು ವರ್ಷಕ್ಕೆ ಮತ್ತೆ ನಾಲ್ಕು ದಿನ ನಾನೇ ನೋಡಬೇಕಲ್ಲ," ಎಂದಳು. "ಅಷ್ಟರವರೆಗೆ ಅಭ್ಯಾಸ ತಪ್ಪಬಾರದು. ಬೆಳಗಿನ ಕೊಪ್ಪರಿಗೆ ನನಗಿರಲಿ. ಸಂಜೆಯದ್ದು ನಿಮಗೆ."

"ಬೆಲ್ಲ..." ಎಂದೆ.

"ಏನು ಬೆಲ್ಲ?"

ಫ್ಯಾನಿನ ಕೆಳಗೆ ಬ್ಯಾಂಕಿನವರು ಬಟ್ಟಲನ್ನು ಎತ್ತಿ ಕೊನೆಯ ಗುಟುಕು ಕುಡಿಯುತ್ತಿದ್ದರು.

"ಏನಿಲ್ಲ. ಉಪ್ಪು ಸರಿ ಉಂಟು."

ಅವಳು ಮತ್ತೆ ಗಲ್ಲಾಕ್ಕೆ ಹೋದಳು. ಏನು ಮಾಡಬೇಕೆಂದು ತೋಚದೆ ನಾನು ಅಲ್ಲೇ ಕುಳಿತಿದ್ದೆ. ಸಪ್ಲೈಯರ್ ಬಂದು ಗಿರಾಕಿಗೆ ಇಡುವಂತೆ ನೀರಿನ ಲೋಟ ಇಟ್ಟ. ಎರಡು ಇಡ್ಲಿ ತರಲು ಹೇಳಿದೆ. ಸಾಂಬಾರು ಬಟ್ಟಲಿನಲ್ಲಿ ಬಂತು, ಜೊತೆಗೆ ಚಮಚ. ಹೋಟೆಲು ತೆರೆದಂದಿನಿಂದ ಅಲ್ಲಿಯ ಸಾಂಬಾರನ್ನು ನಾನು ಅಂಗೈಯಿಂದಲ್ಲದೆ ಬಾಯಿಗಿಟ್ಟದ್ದು ಅದೇ ಮೊದಲು. ಬಿಸಿಯಾಗಿತ್ತು. ಹುಳಿ ಚೆನ್ನಾಗಿ ಹಿಡಿದಿತ್ತು. ಸಾಸಿವೆ ಸರಿಯಾಗಿ ಸಿಡಿದಿತ್ತು.